ಪಟ್ಟಿ ಕೇಳಿ ಕೆಟ್ಟೆ

ಉಪಕಾರ ಮಾಡುವ ಹುಚ್ಚು ನನಗೆ ಹತ್ತುವುದೇ ಅಪರೂಪ. ಹತ್ತಿದಾಗ ಮಾತ್ರ ಹತ್ತಿರದವರು ಯಾರೂ ಕಣ್ಣಿಗೆ ಬೀಳುವುದಿಲ್ಲ. ಹೈದರಾಬಾದಿನಲ್ಲಿ ದಿನಕ್ಕೊಂದು ಸಾಫ್ಟ್‌ವೇರ್ ಕಂಪನಿ ಬಾಗಿಲು ತೆರೆಯುತ್ತಿದ್ದ ಕಾಲ. ಆಫ್ರಿಕಾದ ಒಂದು ಹಳ್ಳಿ ಶಾಲೆಯಲ್ಲಿ ಎರಡು ತಿಂಗಳು ಪಾಠ ಹೇಳಲು ಯಾರು ಹೋಗುತ್ತೀರಿ ಎಂದು ನಮ್ಮ ಕಂಪನಿಯವರು ಕೇಳಿದಾಗ ನಾನು ಕೈ ಎತ್ತಿದೆ. ಸೇವಾಭಾವ ಎಷ್ಟಿತ್ತೋ, ಆನೆ ನೋಡುವ ಆಸೆಯೂ ಅಷ್ಟೇ ಇತ್ತು. ಆ ಮಕ್ಕಳಿಗೆ ಬೇಕಾದ ಸಾಮಾನನ್ನು ನಾನೇ ಇಲ್ಲಿಂದ ಕೊಂಡೊಯ್ಯಬೇಕಿತ್ತು. ಖರ್ಚು ಕಂಪನಿಯದು, ಹೆಸರು ನನ್ನದು.

ತೊಡಕೆಂದರೆ, ಹಳ್ಳಿ ಶಾಲೆಯ ಮಕ್ಕಳಿಗೆ ಏನು ಬೇಕೆಂಬುದು ಮೈಸೂರಿನಲ್ಲಿ ಆಟೋ ಹತ್ತಿ ಕಾನ್ವೆಂಟಿಗೆ ಹೋದ ನನಗೆ ತಿಳಿಯದು. ಪಟ್ಟಿ ಇಲ್ಲದೆ ಅಂಗಡಿಗೆ ಹೋಗುವ ಧೈರ್ಯವೂ ಇಲ್ಲ. ಅಮ್ಮ ಹಾಗೆ ಕಳಿಸಿದ್ದ ಒಂದೇ ಸಲ ಸಾಸಿವೆ ಬದಲು ರಾಗಿ ತಂದಿದ್ದೆ. ಆಗ ನೆನಪಾದವರು ಮಲ್ಲಮ್ಮ. ಹೈದರಾಬಾದಿನ ತಾರ್ನಾಕದಲ್ಲಿದ್ದ ನಮ್ಮ ಮನೆಯೆದುರು ಏಳುತ್ತಿದ್ದ ಅಪಾರ್ಟ್‌ಮೆಂಟಿಗೆ ಇಟ್ಟಿಗೆ ಹೊರಲು ಲಿಂಗಸುಗೂರು ಕಡೆಯಿಂದ ಬಂದವರು. ಮಗಳು ರೇಣುಕಾ ಅಲ್ಲೇ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಆಫ್ರಿಕಾದ ಮಕ್ಕಳ ಬಡತನವನ್ನು ಮನ ಕರಗುವಂತೆ ಬಣ್ಣಿಸಿ, “ರೇಣುಕಾನ ಕೇಳಿ ಒಂದು ಪಟ್ಟಿ ಕೊಡಿ ಮಲ್ಲಮ್ಮ, ಆ ಮಕ್ಕಳಿಗೆ ಬೇಕು” ಎಂದೆ. ಅವರು ಮಗಳ ಕಡೆ ಒಮ್ಮೆ ನೋಡಿ, ಆಗಲಿ ಎಂದರು.

ಶನಿವಾರ ಪೇಪರಿನಲ್ಲಿ ಸುತ್ತಿದ ಒಂದು ನೋಟ್‌ಬುಕ್ಕು ಬಂತು. ಅರ್ಧ ತುಂಬ ತೆಲುಗು ಅಕ್ಷರ, ಮಗ್ಗಿ, ಕೂಡುವ ಲೆಕ್ಕ. ಎಷ್ಟು ತಿರುವಿದರೂ ಪಟ್ಟಿ ಸಿಗಲಿಲ್ಲ. ನಾನು ಹೇಳಿದ್ದೊಂದು, ಇವರು ಮಾಡಿದ್ದೊಂದು ಎಂದು ಗೊಣಗಿ, ನಾರಾಯಣಗೂಡದ ಅಂಗಡಿಗೆ ಹೋಗಿ ಅಂದಾಜಿನ ಮೇಲೆ ಮಿನುಗುವ ಪೆನ್ನು, ಕಾರ್ಟೂನು ಸ್ಟಿಕ್ಕರು, ಒಂದು ಕಟ್ಟು ನೋಟ್‌ಬುಕ್ಕು ಕೊಂಡು ತಂದೆ.

ಮಂಗಳವಾರ ಶಾಲೆಯ ಹೊತ್ತಿನಲ್ಲಿ ರೇಣುಕಾ ಮರಳಿನ ರಾಶಿಯ ಮೇಲೆ ಕೂತಿದ್ದಳು. ಯಾಕೆ ಶಾಲೆಗೆ ಕಳಿಸಲಿಲ್ಲ ಎಂದು ಮಲ್ಲಮ್ಮನನ್ನು ಸ್ವಲ್ಪ ಗದರಿದ ಹಾಗೆಯೇ ಕೇಳಿದೆ.

“ಪಟ್ಟಿ ಇಲ್ದ ಸಾಲಿಗೆ ಹೆಂಗ ಹೋಗತಾಳ್ರಿ? ಇದ್ದದ್ದೊಂದು ನಿಮಗ ಕೊಟ್ಟೀವಲ್ರಿ. ಕೂಲಿ ಬಟವಾಡಿ ಆದಮ್ಯಾಲ ಇನ್ನೊಂದು ತರತೀನಿ.”

ನಮ್ಮ ಕಡೆ ಪಟ್ಟಿ ಎಂದರೆ ಬೇಕಾದ ಸಾಮಾನು ಬರೆದ ಚೀಟಿ. ಅವರ ಕಡೆ ನೋಟ್‌ಬುಕ್ಕು! ಆಫ್ರಿಕಾದ ಹೆಸರು ಹೇಳಿ, ಎದುರಿಗಿದ್ದ ಹುಡುಗಿಯ ಒಂದೇ ಒಂದು ನೋಟ್‌ಬುಕ್ಕನ್ನು ನಾನು ಕೇಳಿ ಇಸಿದುಕೊಂಡಿದ್ದೆ. ತುಂಬಾ ನಾಚಿಕೆಯಾಯಿತು. ಮನೆಗೆ ಓಡಿ ಆರು ಹೊಸ ನೋಟ್‌ಬುಕ್ಕಿನ ಜೊತೆ ಹಳೆಯದನ್ನೂ ತಂದು ಕೊಟ್ಟೆ. ಮಲ್ಲಮ್ಮ ಹೊಸದನ್ನು ಮಗಳ ಕೈಗಿಟ್ಟರು, ಹಳೆಯದನ್ನು ಮುಟ್ಟಲಿಲ್ಲ.

“ಕೊಟ್ಟದ್ದು ತಿರುಗಿ ಇಸ್ಕೊಬಾರದ್ರಿ. ಹಿಂದಿನ ಹಾಳಿ ಖಾಲಿ ಅದಾವ, ಆ ಹುಡುಗ್ರು ಬರಕೊಳ್ಳಲಿ.”

ಹಾಗೆ ಅದು ನನ್ನ ಸೂಟ್‌ಕೇಸಿನಲ್ಲೇ ಉಳಿಯಿತು. ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗಿ, ಬೇರೆಯವರು ಕೊಟ್ಟ ವಸ್ತು ಏನಾದರೂ ಒಳಗಿದೆಯೇ ಎಂದು ಎಲ್ಲರನ್ನೂ ಕೇಳುವಂತೆ ನನ್ನನ್ನೂ ಕೇಳಿದಳು. ಪೆನ್ನು, ಸ್ಟಿಕ್ಕರು ಕಂಪನಿ ಕೊಟ್ಟದ್ದು. ಹಳೆಯ ನೋಟ್‌ಬುಕ್ಕು ರೇಣುಕಾ ಕೊಟ್ಟದ್ದು. ನನ್ನದೆಂದು ಇದ್ದದ್ದು ಬಟ್ಟೆಬರೆ ಮಾತ್ರ. ಇಲ್ಲ, ಎಲ್ಲ ನನ್ನದೇ ಎಂದುಬಿಟ್ಟೆ. ಹಿಂದಿನ ದಿನ ಆಫೀಸಿನ ಬೀಳ್ಕೊಡುಗೆಯಲ್ಲಿ ಹಾರ ಹಾಕಿಸಿಕೊಂಡು, ಮಕ್ಕಳಿಗೆ ಒಯ್ಯುವ ಸಾಮಾನು ತೋರಿಸಿದಾಗಲೂ ಅದನ್ನೇ ಹೇಳಿದ್ದೆ.