ಕ್ಲಿಕ್ ಆದ ಮೇಲೆ

ಕುರಾಶಿಗೆಯ ಮಾನ ಕಳೆದದ್ದು ಒಂದು "ಕ್ಲಿಕ್" ಶಬ್ದ.

ಸುವಾ ಸರೋವರದ ದಡದಲ್ಲಿದ್ದ ಮಿಹಾರು ಕ್ಯಾಮೆರಾ ಕಂಪನಿಯಲ್ಲಿ ಅವನು ಡಿಜಿಟಲ್ ವಿಭಾಗದ ಮುಖ್ಯಸ್ಥ. ವಿಭಾಗ ಎಂದರೆ ಅವನು, ಒಬ್ಬ ಸಹಾಯಕಿ, ಮತ್ತು ಹಿಂದೆ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿಡುತ್ತಿದ್ದ ಒಂದು ಕೋಣೆ. ಫಿಲ್ಮ್ ಬೇಡದ ಕ್ಯಾಮೆರಾ ಮಾಡುತ್ತೇನೆಂದು ಹೊರಟ ಕೆಲವೇ ವರ್ಷಗಳಲ್ಲಿ ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು. ಕೊನೆಗೂ ಒಂದು ಮಾದರಿ ಸಿದ್ಧವಾದಾಗ ಫಿಲ್ಮ್ ವಿಭಾಗದ ಹಾನ್ಯು ಅದನ್ನು ತಿರುಗಿಸಿ ನೋಡಿ, "ಗುಂಡಿ ಒತ್ತಿದ್ರೆ ಸದ್ದೇ ಇಲ್ವಲ್ರೀ! ಮೂಗಿನ ತುದೀಗೆ ಬಂದು ನಿಂತ್ಹೋದ ಸೀನಿನ ಹಾಗಿದೆ," ಎಂದು ನಕ್ಕಿದ್ದ.

ಆ ಮಾತು ಚುಚ್ಚಿತು. ಕುರಾಶಿಗೆ ತನ್ನ ಗುರು ಅರಿತೊಮಿಯವರು ಹಿಂದೆ ರೂಪಿಸಿದ್ದ ಹಳೆಯ ಫಿಲ್ಮ್ ಕ್ಯಾಮೆರಾದ ಕ್ಲಿಕ್ ಶಬ್ದವನ್ನು ರೆಕಾರ್ಡ್ ಮಾಡಿ, ಒಂದು ಪುಟ್ಟ ಸ್ಪೀಕರಿನೊಂದಿಗೆ ಹೊಸದರ ಹೊಟ್ಟೆಯಲ್ಲಿ ಕೂರಿಸಿದ. ಒಂದೇ ತೊಡಕು: ಕ್ಲಿಕ್ ಎಂದಾಗ ಪಟ ಬಿದ್ದಿರುತ್ತಿರಲಿಲ್ಲ. ಕ್ಯಾಮೆರಾ ಬೆಳಕನ್ನು ಅಳೆದು, ದೂರವನ್ನು ಅಳೆದು, ವಧುಪರೀಕ್ಷೆಗೆ ಬಂದ ಹಿರಿಯರಂತೆ ಸಾವಕಾಶವಾಗಿ ಯೋಚಿಸಿ, ಒಂದು ಸೆಕೆಂಡು ತಡವಾಗಿ ಪಟ ಹಿಡಿಯುತ್ತಿತ್ತು. ಶಬ್ದವನ್ನೂ ಅಷ್ಟೇ ತಡಮಾಡಿದರೆ ಹಾನ್ಯು ಇನ್ನೂ ನಗುತ್ತಾನೆ. ಆಮೇಲೆ ಸರಿಮಾಡಿದರಾಯಿತು ಎಂದುಕೊಂಡು ಕುರಾಶಿಗೆ ಸುಮ್ಮನಾದ.

ಅರಿತೊಮಿಯವರು ನಿವೃತ್ತರಾಗುವ ದಿನ ಬಂತು. ಆಡಳಿತ ವಿಭಾಗದ ಮಿಸೊನೊ ಬೆಳಿಗ್ಗೆಯೇ ಅವನ ಕೋಣೆಗೆ ಬಂದು ನಿಂತಳು.

"ಕುರಾಶಿಗೆ-ಸಾನ್, ಬೀಳ್ಕೊಡುಗೆ ಪಟ ಈ ಸಲ ನಿಮ್ಮ ಕ್ಯಾಮೆರಾದಲ್ಲಂತೆ. ಹೊಸ ಅಧ್ಯಕ್ಷರು ಹೂಗುಚ್ಛ ಕೊಡೋಕೆ ಬರ್ತಾರೆ, ಆಗ ಟೀವೀಲಿ ತೋರಿಸ್ಬೇಕು. ಮೆಚ್ಚಿದ್ರೆ ನಿಮ್ಮ ವಿಭಾಗ ಉಳಿಯುತ್ತೆ."

"ಮೆಚ್ಚದಿದ್ರೆ?"

ಮಿಸೊನೊ ಕೋಣೆಯನ್ನು ಮೂಲೆಯಿಂದ ಮೂಲೆಗೆ ನೋಡಿದಳು. "ರಟ್ಟಿನ ಪೆಟ್ಟಿಗೆಗಳನ್ನ ಇಡೋಕೆ ಜಾಗ ಇಲ್ಲ ಅಂತ ಗೋಡೌನಿನವರು ಕೇಳ್ತಾನೇ ಇದ್ದಾರೆ."

ಹೊಸ ಅಧ್ಯಕ್ಷರು ಬ್ಯಾಂಕಿನಿಂದ ಬಂದವರು. ಕಾರ್ಖಾನೆಯಲ್ಲಿ ಇನ್ನೂ ಯಾರ ಮುಖಪರಿಚಯವೂ ಅವರಿಗಿರಲಿಲ್ಲ.

ಸಭಾಂಗಣದಲ್ಲಿ ಎಲ್ಲರೂ ಸಾಲಾಗಿ ನಿಂತರು. ಅರಿತೊಮಿಯವರು ಪಟಕ್ಕೆಂದೇ ಕೂದಲಿಗೆ ಬಣ್ಣ ಹಚ್ಚಿಸಿಕೊಂಡು, ಹೊಸ ಬೂಟಿನಂತೆ ಮಿರಮಿರ ಮಿಂಚುತ್ತಿದ್ದರು. ಕುರಾಶಿಗೆ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿಟ್ಟು ಟೈಮರ್ ಒತ್ತಿ ಹಿಂದಿನ ಸಾಲಿಗೆ ಓಡಿದ. ಅರಿತೊಮಿ ಅವನ ತೋಳು ಹಿಡಿದೆಳೆದರು. "ಎಲ್ಲಿಗೋ ಓಡ್ತೀಯಾ? ಇಲ್ಲೇ ನಡುವೆ, ನನ್ನ ಪಕ್ಕ ನಿಲ್ಲೋ."

ಕ್ಲಿಕ್!

ಪಟ ಆಯಿತೆಂದು ಎಲ್ಲರೂ ಅರಿತೊಮಿಯವರ ಕಡೆ ತಿರುಗಿ, "ಇಷ್ಟು ವರ್ಷ ಬಹಳ ಶ್ರಮಪಟ್ರಿ," ಎಂದು ಸೊಂಟದವರೆಗೆ ಬಾಗಿದರು. ಅರಿತೊಮಿಯವರೂ ಪ್ರತಿಯಾಗಿ ಬಾಗಿದರು. ಪಟ ಇನ್ನೂ ಬಿದ್ದಿಲ್ಲವೆಂದು ಗೊತ್ತಿದ್ದವನು ಕುರಾಶಿಗೆ ಒಬ್ಬನೇ. ಅವನು ಎದೆಯೆತ್ತಿ, ಹಲ್ಲು ತೋರಿಸುತ್ತಾ, ಕ್ಯಾಮೆರಾವನ್ನೇ ದಿಟ್ಟಿಸಿ ನಿಂತಿದ್ದ.

ಟೀವಿಯಲ್ಲಿ ಪಟ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಮೂಡಿತು. ಮೊದಲು ಗೋಡೆ. ಆಮೇಲೆ ಕುರಾಶಿಗೆಯ ನಗುಮುಖ. ಆಮೇಲೆ ಅವನ ಸುತ್ತ, ಸಂತೆಯಲ್ಲಿ ಕಲ್ಲಂಗಡಿ ಹರಡಿದಂತೆ, ಬರೀ ನೆತ್ತಿಗಳು. ಗುರುವಿನ ಕರಿ ನೆತ್ತಿ ನೇರ ಅವನ ಹೊಟ್ಟೆಯ ಮುಂದಿತ್ತು.



"ಭೇಷ್!" ಎಂದ ಹಾನ್ಯು. "ಫಿಲ್ಮ್ ವಿಭಾಗದವರನ್ನೆಲ್ಲ ಒಂದೇ ಏಟಿಗೆ ಕಾಲಿಗೆ ಬೀಳಿಸ್ಕೊಂಡ್ರಲ್ರೀ! ಆಶೀರ್ವಾದಕ್ಕೆ ಕೈ ಎತ್ತೋದೊಂದು ಬಾಕಿ."

ಕುರಾಶಿಗೆಯ ಕಿವಿ ಉಪ್ಪಿನಲ್ಲಿ ನೆನೆಹಾಕಿದ ಪ್ಲಮ್ ಹಣ್ಣಿನ ಹಾಗೆ ಕೆಂಪಾಯಿತು. ಅವನು ಅಳಿಸುವ ಗುಂಡಿಯನ್ನು ಒತ್ತಿದ, ಮತ್ತೆ ಒತ್ತಿದ. ಗುಂಡಿ ಇತ್ತು, ಅದಕ್ಕೆ ತಂತಿ ಸೇರಿಸುವುದನ್ನು ಮುಂದಿನ ಮಾದರಿಗೆಂದು ಅವನೇ ಬಿಟ್ಟಿದ್ದ. ನೆಲ ಬಾಯಿ ಬಿಡಬಾರದೇ ಅನಿಸಿತು.

"ಇನ್ನೊಂದು ತೆಗೆಯೋಣ," ಎಂದು ಹಾನ್ಯು ತನ್ನ ಫಿಲ್ಮ್ ಕ್ಯಾಮೆರಾ ಹಿಡಿದು ಎದುರು ನಿಂತ. "ಇದು ಹೇಳಿದ ಹೊತ್ತಿಗೆ ಕೆಲಸ ಮಾಡುತ್ತೆ. ಎಲ್ರೂ ನೆಟ್ಟಗೆ ನಿಲ್ಲಿ!"

ಎಲ್ಲರೂ ನೆಟ್ಟಗೆ ನಿಂತರು, ಕುರಾಶಿಗೆಯೂ ಮತ್ತೆ ನಡುವೆ, ಗುರುಗಳ ಪಕ್ಕ. ಕುರಾಶಿಗೆಗೆ ತಡೆಯಲಾಗಲಿಲ್ಲ. "ಗುರುಗಳೇ, ತಪ್ಪಾಯ್ತು, ಕ್ಷಮಿಸ್ಬೇಕು," ಎಂದು ಹಣೆ ಮೊಣಕಾಲಿಗೆ ತಾಗುವಷ್ಟು ಬಾಗಿದ. ಅದೇ ಕ್ಷಣಕ್ಕೆ ಹಾನ್ಯುವಿನ ಕ್ಯಾಮೆರಾ ಕ್ಲಿಕ್ ಎಂದಿತು. ಫಿಲ್ಮ್ ಅಲ್ಲವೇ, ಕ್ಲಿಕ್ ಎಂದಾಗಲೇ ಪಟವೂ ಬಿತ್ತು.

ಗುರುಗಳು ಕೋಪಗೊಂಡಿರಲಿಲ್ಲ. ಅವರು ಕುತೂಹಲದಿಂದ ಮುಕ್ಕಾಲಿಯ ಬಳಿಗೆ ಹೋಗಿ ಡಿಜಿಟಲ್ ಕ್ಯಾಮೆರಾವನ್ನು ಎತ್ತಿಕೊಂಡು ಕಿವಿಗೆ ಹಿಡಿದರು. "ಇದು ನನ್ನ ಕ್ಯಾಮೆರಾದ ಸದ್ದಲ್ವೇನೋ?"

ಕುರಾಶಿಗೆ ಟೀವಿಯ ಪ್ಲಗ್ ಕೀಳಲು ಕೈ ಚಾಚುವಷ್ಟರಲ್ಲಿ ಬಾಗಿಲು ತೆರೆಯಿತು. ಅಧ್ಯಕ್ಷರು ಹೂಗುಚ್ಛ ಹಿಡಿದು ಒಳಗೆ ಬಂದವರೇ ಟೀವಿಯ ಮುಂದೆ ನಿಂತುಬಿಟ್ಟರು.

"ಅದ್ಭುತ! ಬೀಳ್ಕೊಡುಗೆ ಪಟ ಅಂದ್ರೆ ಹೀಗಿರ್ಬೇಕು. ಒಂದೇ ನೋಟಕ್ಕೆ ಯಾರು ಹೊರಡ್ತಿದ್ದಾರೆ, ಎಷ್ಟು ಗೌರವ ಸಂಪಾದಿಸಿದ್ದಾರೆ, ಎಲ್ಲಾ ಗೊತ್ತಾಗುತ್ತೆ."

ಅವರ ನೋಟ ಪಟದಲ್ಲಿ ತಲೆಯೆತ್ತಿ ನಿಂತವನಿಂದ ಪ್ಲಗ್ಗಿನ ಬಳಿ ನಿಂತ ಬಿಳಿ ತಲೆಯ ಕುರಾಶಿಗೆಯತ್ತ ಬಂತು. ಹೂಗುಚ್ಛವನ್ನು ಅವನ ಕೈಗಿತ್ತರು. "ಹಿರಿಯರೇ, ಇನ್ನು ಆರಾಮಾಗಿ ವಿಶ್ರಾಂತಿ ತಗೊಳ್ಳಿ."

"ಹ್ಞಾ..." ಎಂದ ಕುರಾಶಿಗೆ. ಅಧ್ಯಕ್ಷರು ಮಾತಾಡುವಾಗ ಕೇಳಿಸಿಕೊಳ್ಳುತ್ತಿದ್ದೇನೆ ಎನ್ನಲು ಎಲ್ಲರೂ ಅನ್ನುವ ಹ್ಞಾ ಅದು.

ಅಧ್ಯಕ್ಷರು ಕ್ಯಾಮೆರಾ ಹಿಡಿದು ನಿಂತಿದ್ದ ಕರಿ ಕೂದಲಿನವರತ್ತ ತಿರುಗಿದರು. "ಡಿಜಿಟಲ್ ವಿಭಾಗ ನಡೆಸೋರು ನೀವೇ ತಾನೇ?"

"ಹ್ಞಾ," ಎಂದರು ಅರಿತೊಮಿ, ಅದೇ ಅಭ್ಯಾಸದಿಂದ.

"ವಿಭಾಗ ಉಳೀತು ಅಂದ್ಕೊಳ್ಳಿ. ಇನ್ನೂ ಐದು ವರ್ಷ ನೀವೇ ನೋಡ್ಕೊಳ್ಬೇಕು."

ಕುರಾಶಿಗೆ ಮಿಸೊನೊಳತ್ತ ನೋಡಿದ. ಮಿಸೊನೊ ಛಾವಣಿಯತ್ತ ನೋಡಿದಳು. ಹಾನ್ಯು ತನ್ನ ಬೂಟಿನತ್ತ ನೋಡಿದ. ಬಂದ ವಾರದಲ್ಲೇ, ಎಲ್ಲರೆದುರು, ತಾವು ತಪ್ಪು ತಿಳಿದಿದ್ದೀರಿ ಎಂದು ಅಧ್ಯಕ್ಷರಿಗೆ ಹೇಳುವ ಗಂಡೆದೆ ಆ ಸಭಾಂಗಣದಲ್ಲಿ ಯಾರಿಗೂ ಇರಲಿಲ್ಲ. ಎಲ್ಲರೂ ಮತ್ತೊಮ್ಮೆ ಬಾಗಿದರು. ಈ ಸಲ ನಿಜವಾಗಿಯೂ ಕುರಾಶಿಗೆಗೇ.

ಅಧ್ಯಕ್ಷರು ಹೋದ ಮೇಲೆ ಮಿಸೊನೊ ಮೆಲ್ಲಗೆ ಹತ್ತಿರ ಬಂದಳು. "ಸ್ವಯಂ ನಿವೃತ್ತಿ ಯೋಜನೆ ಅಂತ ಒಂದಿದೆ. ಅದ್ರಲ್ಲಿ ನಿಮ್ಮನ್ನ ಸೇರಿಸ್ಬಿಡ್ತೀನಿ. ಅಧ್ಯಕ್ಷರ ಮರ್ಯಾದೆ ಪ್ರಶ್ನೆ ನೋಡಿ."

"ನನ್ನದು?" ಎಂದ ಕುರಾಶಿಗೆ.

"ನಿಮ್ಮದು ಟೀವೀಲಿ ಆಗ್ಲೇ ಹೋಯ್ತಲ್ಲ."

ಹೂಗುಚ್ಛ ಹಿಡಿದು ಗೇಟಿನತ್ತ ನಡೆದವನ ಹಿಂದೆ ಅರಿತೊಮಿ ಓಡೋಡಿ ಬಂದರು. "ಲೋ ಕುರಾಶಿಗೆ, ಒಂದು ನಿಮಿಷ ನಿಲ್ಲೋ! ಆ ಕ್ಲಿಕ್ಕನ್ನ ಒಂದು ಸೆಕೆಂಡು ಮುಂದಕ್ಕೆ ತಳ್ಳೋದು ಹೇಗೋ?"

ವಾರದ ನಂತರ ಹಾನ್ಯು ತೆಗೆದಿದ್ದ ಫಿಲ್ಮಿನ ಪಟ ಮನೆಗೆ ಬಂತು. ಹೆಂಡತಿ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ಹುಡುಕಿದಳು.

"ಎಲ್ಲರ ಮುಖಾನೂ ಎಷ್ಟು ಸ್ಪಷ್ಟವಾಗಿದೆ! ನೀವೆಲ್ಲಿ?"

"ಮಧ್ಯದಲ್ಲಿ ಬೆಳ್ಳಗೆ ಒಂದು ನೆತ್ತಿ ಕಾಣ್ತಿದೆಯಲ್ಲ," ಎಂದ ಕುರಾಶಿಗೆ, "ಅದು."