ಕುರಿಮಂದೆಗೆ ಬುತ್ತಿ ಕೊಟ್ಟು ಬಂದದ್ದು

ಆ ದಿನವೂ ಐದೂವರೆಗೇ ಎದ್ದೆ. ಬಾಗಿಲಿಗೆ ನೀರು ಹಾಕಿ, ದೊಡ್ಡ ರಂಗೋಲಿ ಹಾಕಲು ಸೋಮಾರಿತನವಾಗಿ ನಾಲ್ಕು ಗೀಟೆಳೆದು, ಹಾಲು ಕಾಯಲಿಟ್ಟು, ಉಕ್ಕದಂತೆ ಕಾವಲು ನಿಂತೆ. ನಾನು ಜೀವನದಲ್ಲಿ ಧೈರ್ಯವಾಗಿ ಎದುರಿಸಿದ ಒಂದೇ ವಸ್ತುವೆಂದರೆ ಈ ಹಾಲು. ಮಿಕ್ಕಿದ್ದಕ್ಕೆಲ್ಲ ನನಗೆ ಹೆದರಿಕೆ. ಕುಕ್ಕರ್ ಇಟ್ಟು ಜಗಲಿಗೆ ಬಂದು ಸೀಟಿ ಎಣಿಸುವವಳು ನಾನು. ಬಚ್ಚಲಲ್ಲಿ ಹಲ್ಲಿ ಇದ್ದರೆ ಅದರ ಸ್ನಾನ ಮುಗಿಯುವವರೆಗೂ ನನ್ನ ಸ್ನಾನ ಮುಂದಕ್ಕೆ. ಅರವತ್ತೆರಡು ವರ್ಷ ಹೀಗೇ ಮರ್ಯಾದೆಯಾಗಿ ಹೆದರಿಕೊಂಡು ಬದುಕಿದ್ದೇನೆ.

ಈ ಪಟ್ಟಿಯಲ್ಲಿ ಮೊದಲ ಸ್ಥಾನ ನಾಯಿಯದು. ಕಾನ್ವೆಂಟಿನಲ್ಲಿ ಓದುವಾಗ ನನ್ನ ಬೆಂಚಿನ ಹುಡುಗಿಯೊಬ್ಬಳಿಗೆ ನಾಯಿ ಕಚ್ಚಿ, ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಹಾಕಿದ್ದರು. ಅವಳು ತಿಂಗಳೊಳಗೆ ಎಲ್ಲ ಮರೆತು ಕುಂಟಾಬಿಲ್ಲೆ ಆಡುತ್ತಿದ್ದಳು. ನಾನು ಮಾತ್ರ ಆ ಹದಿನಾಲ್ಕನ್ನೂ ಇವತ್ತಿನವರೆಗೆ ನನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ.

ಹಾಲು ಇಳಿಸುವ ಹೊತ್ತಿಗೆ ಹಿತ್ತಲಿನಿಂದ "ಅಯ್ಯಯ್ಯಪ್ಪಾ!" ಎಂಬ ಕೂಗು ಬಂತು. ನಮ್ಮ ಯಜಮಾನರು ನೀರಿನ ಬಕೆಟ್ ಎತ್ತಲು ಬಗ್ಗಿದವರು ಬಗ್ಗಿದಂತೆಯೇ ಇದ್ದರು. ಹೆಡ್‌ಮಾಸ್ತರಾಗಿ ಮೂವತ್ತು ವರ್ಷ ಮಕ್ಕಳನ್ನು ಬಗ್ಗಿಸಿ ನಿಲ್ಲಿಸಿದವರು! ಹಾಗೇ ಹಿಡಿದುಕೊಂಡು ಬಂದು ಮಂಚದ ಮೇಲೆ ಮಲಗಿಸಿ, ಸೊಂಟಕ್ಕೆ ಎಣ್ಣೆ ಹಚ್ಚುವಾಗ ಅವರು ನರಳುವುದನ್ನು ನಿಲ್ಲಿಸಿ ಕೇಳಿದರು: "ಶಾಂತಾ, ಮಂದೆಗೆ ಬುತ್ತಿ ಯಾರು ಒಯ್ಯೋರು?"

ಮಂದೆ ಎಂದರೆ ಕುರಿ ಮಾತ್ರವಲ್ಲ, ಅದನ್ನು ಕಾಯುವ ನಾಯಿಯೂ.

ಐಮಂಗಲದ ಹೊರಗೆ, ನಮ್ಮ ಹೊಲದಲ್ಲಿ ಹಿಂದಿನ ರಾತ್ರಿ ಕುರಿಮಂದೆ ಬಂದು ತಂಗಿತ್ತು. ಮೂರು ರಾತ್ರಿ ಮಂದೆ ನಿಂತರೆ ಆ ಗೊಬ್ಬರಕ್ಕೆ ನೆಲ ಎರಡು ವರ್ಷ ನಗುತ್ತದೆ. ಯಜಮಾನರು ಯುಗಾದಿಯಿಂದ ಬೆನ್ನು ಬಿದ್ದು ಈ ಮಂದೆಯನ್ನು ಒಪ್ಪಿಸಿದ್ದರು. ಕುರಿಯವರ ಬೆಳಗಿನ ಬುತ್ತಿ ಹೊಲದ ಮನೆಯವರದು, ಅದನ್ನು ಹೊಲಕ್ಕೇ ಒಯ್ದು ಕೊಡಬೇಕು. ಹೊತ್ತೇರಿದರೂ ಬುತ್ತಿ ಬರಲಿಲ್ಲವೋ, ಇವರಿಗೆ ನಾವು ಬೇಡವಾದೆವು ಎಂದು ತಿಳಿದು, ಜಗಳವಿಲ್ಲ, ಮಾತಿಲ್ಲ, ಮಂದೆ ಎಬ್ಬಿಸಿಕೊಂಡು ಹೊರಟುಬಿಡುತ್ತಾರೆ. ಯಲ್ಲದಕೆರೆ ಕಡೆಯವರು ಆಗಲೇ ಕರೆದು ಕಾಯುತ್ತಿದ್ದರು.

"ಪಕ್ಕದ ಗಂಗಮ್ಮನನ್ನಾದರೂ ಕೇಳು," ಎಂದರು ಯಜಮಾನರು, ನನ್ನ ಮುಖ ನೋಡಿ.

ಮುದ್ದೆ ಕಟ್ಟಿ, ಹುರುಳಿಕಾಳಿನ ಸಾರು ಕುದಿಯಲಿಟ್ಟು ಕಾಂಪೌಂಡಿನ ಹತ್ತಿರ ಹೋದೆ. ಗಂಗಮ್ಮ ಪಾತ್ರೆ ತಿಕ್ಕುತ್ತಿದ್ದಳು. ಚೇಳನ್ನು ಇಕ್ಕಳದಲ್ಲಿ ಹಿಡಿದು ಆಚೆ ಎಸೆಯುವ ಹೆಂಗಸು. ಅವಳೆದುರು "ನನಗೆ ನಾಯಿ ಎಂದರೆ ಭಯ" ಎಂದು ಹೇಗೆ ಹೇಳಲಿ? "ಏನ್ರಿ ಶಾಂತಮ್ನೋರೆ, ಏನ್ ಬೇಕಿತ್ತು?" ಎಂದಳು. "ಒಂದು ಹಿಡಿ ಕೊತ್ತಂಬರಿ ಸೊಪ್ಪು" ಎಂದೆ. ಸೊಪ್ಪು ಹಿಡಿದು ವಾಪಸು ಬಂದೆ. ಹೆದರಿಕೆಗಿಂತ ಮಾನ ದೊಡ್ಡದು ಎಂಬುದು ನನಗೆ ತಿಳಿದದ್ದು ಹಾಗೆ.

ಕೊನೆಗೆ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಹೊರಟೆ. ಅರ್ಧ ಮೈಲಿ ದಾರಿಯಲ್ಲಿ ನಾಲ್ಕು ಸಲ ನಿಂತೆ. ಎರಡು ಸಲ ಚಪ್ಪಲಿಯ ಕಲ್ಲು ತೆಗೆಯಲು, ಎರಡು ಸಲ ಕಲ್ಲೇ ಇಲ್ಲದೆ.

ಹೊಲದ ಬದುವಿಗೆ ಕಾಲಿಟ್ಟೆನೋ ಇಲ್ಲವೋ, ಕುರಿಗಳ ನಡುವಿನಿಂದ ಕರಿಯ ನಾಯಿಯೊಂದು ಎದ್ದಿತು. ಎದ್ದಿತು, ಎದ್ದಿತು, ಏಳುತ್ತಲೇ ಇತ್ತು, ಕರುವಿನಷ್ಟು ಎತ್ತರ! ಬೊಗಳಿಕೊಂಡು ನನ್ನತ್ತ ನುಗ್ಗಿತು. ಕುರಿಯವರ ಹಿರಿಯ ಈರಜ್ಜ ದೂರದ ಬೇವಿನ ಮರದ ಕೆಳಗಿನಿಂದ ಕೂಗಿದ: "ಅಮ್ಮಾ, ಅಲ್ಲೇ ಇಟ್ಟೋಗ್ರಿ! ನಾನ್ ಬಂದು ತಗಂತೀನಿ!"

ಇಟ್ಟು ಹೋಗಬಹುದಿತ್ತು. ಆದರೆ ಇಟ್ಟರೆ ಮುದ್ದೆ ಆ ನಾಯಿಯ ಪಾಲು. ನಾಲ್ಕು ಜನ ಹಸಿದು ಕೂತಿದ್ದಾರೆ, ಬುತ್ತಿಯಿಲ್ಲದೆ ಮಂದೆ ನಿಲ್ಲುವುದಿಲ್ಲ. ಓಡೋಣವೆಂದರೆ ಕಾಲು ನನ್ನವಾಗಿರಲಿಲ್ಲ. ಆಗ ನನ್ನ ಬಾಯಿಂದ, ನಾನು ಕರೆಯದೆಯೇ, ನಮ್ಮ ಕಾನ್ವೆಂಟಿನ ಸಿಸ್ಟರ್ ಧ್ವನಿ ಬಂತು.

"ಸ್ಟಾಪ್! ನೋ ರನ್ನಿಂಗ್ ಇನ್ ದ ಕಾರಿಡಾರ್!"

ನಾಯಿ ನಿಂತಿತು. ನನಗೂ ನಂಬಿಕೆಯಾಗಲಿಲ್ಲ, ಅದಕ್ಕೂ ಆದಂತೆ ಕಾಣಲಿಲ್ಲ. ಹಲ್ಲು ತೋರಿಸಿ ಗುರ್ ಎನ್ನುತ್ತಲೇ ಇತ್ತು. ಇಲ್ಲಿ ಸುಮ್ಮನಾದರೆ ಕೆಟ್ಟೆ ಎನಿಸಿ, ಒಂದು ಹೆಜ್ಜೆ ಮುಂದಿಟ್ಟೆ. "ವೇರ್ ಈಸ್ ಯುವರ್ ಹೋಂವರ್ಕ್?" ಎಂದೆ. ಇನ್ನೊಂದು ಹೆಜ್ಜೆ. "ಸ್ಟ್ಯಾಂಡ್ ಸ್ಟ್ರೇಟ್! ಶೋ ಮಿ ಯುವರ್ ನೇಲ್ಸ್!" ಎಂದೆ. ಅದು ಎರಡು ಹೆಜ್ಜೆ ಹಿಂದೆ ಸರಿಯಿತು. ಉಗುರು ಬೆಳೆಸಿದ ಮಕ್ಕಳೆಲ್ಲ ಹಾಗೇ ಸರಿಯುತ್ತಿದ್ದರು. ಬುಟ್ಟಿಯೊಳಗಿನ ಪಾತ್ರೆಯಿಂದ ಸಾರು ತುಳುಕಿ ಸೀರೆ ಒದ್ದೆಯಾಗುತ್ತಿತ್ತು, ಬಾಯಿ ಮಾತ್ರ ನಿಲ್ಲಲಿಲ್ಲ. ಶಿಸ್ತು, ಶುಚಿತ್ವ, ಸಾಲಿನಲ್ಲಿ ನಿಲ್ಲುವುದು, ತಿಂಡಿ ಡಬ್ಬಿ ಹಂಚಿಕೊಳ್ಳುವುದು, ನಾನು ಕಲಿತ ಇಂಗ್ಲಿಷ್ ಅಷ್ಟನ್ನೂ ಆ ನಾಯಿಗೆ ಒಪ್ಪಿಸುತ್ತ ಬೇವಿನ ಮರದವರೆಗೆ ನಡೆದೆ. ನಮ್ಮಪ್ಪ ನನ್ನನ್ನು ಓದಿಸಿದ್ದು ಸಾರ್ಥಕವಾಯಿತು.

ಈರಜ್ಜ ಬಾಯಿ ತೆರೆದು ನಿಂತಿದ್ದ. "ಅದ್ಯಾವ ಮಂತ್ರ ಹಾಕಿದ್ರಿ ತಾಯಿ? ನಮ್ ಮಾತೇ ಕೇಳಲ್ಲ ಈ ನನ್ಮಗಂದು!"

"ಮಂತ್ರ ಅಲ್ಲಪ್ಪ, ಸ್ಕೂಲು," ಎಂದೆ.

"ಬರ್ರಿ, ಕುಂತ್ಕಳ್ರಿ," ಎಂದು ಕಂಬಳಿ ಹಾಸಿದ. ಮುದ್ದೆ ಮುರಿಯುತ್ತಾ, "ಹೊತ್ತಾತು, ಮೇಷ್ಟ್ರಿಗೆ ನಾವು ಬ್ಯಾಡಾದ್ವೇನೋ ಅಂತ ಗೂಟ ಕೀಳಾಕೆ ಹೇಳಿದ್ದೆ. ಇನ್ನ್ ಎಲ್ಲಿಗೂ ಹೋಗಲ್ಲ ಬಿಡ್ರಿ, ಮೂರು ರಾತ್ರಿ ಆಗೇ ಹೋಗಾದು," ಎಂದ. ನಾನು ಕಂಬಳಿಯ ಮೇಲೆ ಕೂತೆ. ಕೂತದ್ದು ಮರ್ಯಾದೆಗಲ್ಲ, ನಿಲ್ಲಲು ಆಗುತ್ತಿರಲಿಲ್ಲ. ಆದರೆ ನೋಡುವವರಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ ಎಂಬುದೇ ಧೈರ್ಯದ ಅನುಕೂಲ. ನಾಯಿ ನಾಲ್ಕು ಮಾರು ದೂರದಲ್ಲಿ ಕೂತು, ಮುಂದಿನ ಪಾಠ ಯಾವಾಗ ಎಂದು ಕಾಯುವಂತೆ ನನ್ನನ್ನೇ ನೋಡುತ್ತಿತ್ತು.

ವಾಪಸು ಬರುವಾಗ ಹೊಲದ ಹಾದಿ ಬಿಟ್ಟು ಊರಿನ ನಡುಬೀದಿಯಲ್ಲೇ ಬಂದೆ, ಖಾಲಿ ಬುಟ್ಟಿ ಎಲ್ಲರಿಗೂ ಕಾಣುವಂತೆ. ಯಾರಾದರೂ "ಎಲ್ಲಿಗೆ ಹೋಗಿದ್ರಿ?" ಎನ್ನಲಿ ಎಂದು ಎರಡು ಕಡೆ ನಿಂತೂ ನೋಡಿದೆ. ಒಬ್ಬರೂ ಕೇಳಲಿಲ್ಲ. ಕೇಳಬಾರದ ದಿನ ಎಷ್ಟು ಕೇಳುತ್ತಾರೆ! ಮಂಚದ ಮೇಲಿನಿಂದ ಯಜಮಾನರು, "ನಾಯಿ ಕಟ್ಟಿಹಾಕಿದ್ರಾ?" ಎಂದರು. "ಬಿಟ್ಟಿತ್ತು," ಎಂದೆ. ಅವರು ಸೊಂಟ ಮರೆತು ಎದ್ದು ಕೂತು, ಮತ್ತೆ "ಅಯ್ಯಪ್ಪಾ" ಎಂದು ಒರಗಿದರು. ಆಮೇಲೆ ಮೆಲ್ಲಗೆ, "ನಿನ್ನಿಂದಾಗುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ," ಎಂದರು. ನಾನೂ ಅಂದುಕೊಂಡಿರಲಿಲ್ಲ. ಆದರೆ ಅದನ್ನು ಅವರಿಗೆ ಹೇಳುವಷ್ಟು ದಡ್ಡಿಯಲ್ಲ.

ಸಂಜೆ ಜಗಲಿಯ ಮೇಲೆ, ರಾಣಿಯಂತೆ ಬೆನ್ನು ನೇರ ಮಾಡಿಕೊಂಡು ಕೂತಿದ್ದೆ. ಕಾಂಪೌಂಡಿನ ಆಚೆ ಗಂಗಮ್ಮ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ತಡೆಯಲಾರದೆ, ಬೆಳಗಿನ ಕಥೆಯನ್ನು ಮೊದಲಿಂದ ಕೊನೆಯವರೆಗೂ ಹೇಳಿದೆ. ನಾಯಿಯನ್ನು ಸ್ವಲ್ಪ ಎತ್ತರವೂ ಮಾಡಿದೆ. ಅವಳು ತಲೆ ಎತ್ತದೆ, ಒಂದು ಕಲ್ಲು ಆರಿಸಿ ಆಚೆ ಎಸೆದು ಹೇಳಿದಳು:

"ಒಳ್ಳೇದಾತು ಬಿಡ್ರಿ. ನಿಮ್ದು ಮುಗದ್ಮೇಲೆ ಮಂದೆ ನಮ್ ಹೊಲಕ್ಕೇ ಬರಾದು. ನಮ್ ಬುತ್ತೀನೂ ನೀವೇ ಕೊಟ್ಬರ್ರಿ. ನಂಗೆ ಆ ನಾಯಿ ಕಂಡ್ರೆ ಕೈಕಾಲೇ ಬರಾದಿಲ್ಲ."