ಸೊಸೈಟಿಗೆ ಸಾಕ್ಷಿಯಾದ ನನ್ನ ಬೋಳುತಲೆ

ಕೂದಲಿದ್ದವರಿಗೆ ತಮ್ಮ ತಲೆಯ ಚಿಂತೆ ಒಂದು ಪಾಲಾದರೆ, ಕೂದಲಿಲ್ಲದವರ ತಲೆಯ ಚಿಂತೆ ಮೂರು ಪಾಲು. ಇದು ನನ್ನ ಅನುಭವದ ಮಾತು. ಮೂವತ್ತು ತುಂಬುವ ಮೊದಲೇ ನನ್ನ ತಲೆ ಬೋಳಾಯಿತು. ಆವತ್ತಿನಿಂದ ಈವತ್ತಿನವರೆಗೆ ಆ ತಲೆಯಿಂದ ನನಗೆ ಒಂದು ದಿನವೂ ಉಪದ್ರವವಾಗಿಲ್ಲ. ಮಳೆಗೆ ನೆನೆದರೆ ಕರವಸ್ತ್ರದಿಂದ ಒಮ್ಮೆ ಒರೆಸಿದರೆ ಮುಗಿಯಿತು. ಮುಂಬಯಿಯ ಲೋಕಲ್ ಟ್ರೈನಿನ ನೂಕುನುಗ್ಗಲಿನಲ್ಲಿ ಉಳಿದವರ ಕ್ರಾಪು ಕಾಗೆ ಗೂಡಾಗುತ್ತದೆ. ನನ್ನದು ಠಾಣೆ ಸ್ಟೇಷನ್ನಿನಲ್ಲಿ ಹತ್ತುವಾಗ ಹೇಗಿತ್ತೋ ಇಳಿಯುವಾಗಲೂ ಹಾಗೆಯೇ ಇರುತ್ತದೆ. ಉಪದ್ರವವೆಲ್ಲ ಕೂದಲಿದ್ದವರಿಂದ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕುಳಿತವರು ಈರುಳ್ಳಿ ರಸ ಹಚ್ಚಿ ಎನ್ನುತ್ತಾರೆ. ಎದುರು ಕುಳಿತವರು ಈರುಳ್ಳಿ ಬೇಡ, ಗರುಗದ ಎಣ್ಣೆಯೇ ಸರಿ ಎನ್ನುತ್ತಾರೆ. ನನ್ನ ತಲೆಯ ಮೇಲೆ ಅವರಿಬ್ಬರ ವಾದ ಮುಗಿಯುವಷ್ಟರಲ್ಲಿ ಹೋಳಿಗೆ ನನ್ನ ಎಲೆಯನ್ನು ದಾಟಿ ಹೋಗಿರುತ್ತದೆ. ಆಫೀಸಿನಲ್ಲಂತೂ ಒಬ್ಬ, ಖಾರಘರದ ಒಂದು ಕ್ಲಿನಿಕ್ಕಿನಲ್ಲಿ ತಲೆಯ ಹಿಂದಿನಿಂದ ಕೂದಲು ಕಿತ್ತು ಮುಂದೆ ನೆಡುತ್ತಾರೆ, ನೀವೂ ಮಾಡಿಸಿಕೊಳ್ಳಿ ಎಂದು ಗಂಟುಬಿದ್ದ. ನನ್ನ ತಲೆಯೇನು ನಿನ್ನ ಗದ್ದೆಯೇ ಎಂದು ಕೇಳಿದೆ. ಆಮೇಲೆ ಅವನು ಟೀ ಕುಡಿಯಲು ನನ್ನನ್ನು ಕರೆಯುವುದನ್ನು ಬಿಟ್ಟ.

ಇಷ್ಟು ಜನ ಬೋಧಿಸುವಾಗ ಉತ್ತರಿಸಲಿಕ್ಕಾದರೂ ಕೂದಲಿನ ಬಗ್ಗೆ ಓದಿಕೊಳ್ಳಬೇಕಾಯಿತು. ಓದಿದಷ್ಟೂ ಅದರ ಮೇಲಿನ ಗೌರವ ಕಡಿಮೆಯಾಗುತ್ತಾ ಹೋಯಿತು. ನಾವು ಎಣ್ಣೆ ಹಚ್ಚಿ, ಬಾಚಿ, ಮಲ್ಲಿಗೆ ಮುಡಿಸಿ ಮೆರೆಸುವ ಕೂದಲು ಸತ್ತ ವಸ್ತು. ಜೀವ ಇರುವುದು ಚರ್ಮದೊಳಗಿನ ಬೇರಿನಲ್ಲಿ ಮಾತ್ರ. ಹಾಗಲ್ಲದಿದ್ದರೆ ಕ್ಷೌರದ ಅಂಗಡಿಯಲ್ಲಿ ಕತ್ತರಿ ಆಡಿಸಿದಾಗಲೆಲ್ಲ ಬೊಬ್ಬೆ ಕೇಳಬೇಕಿತ್ತು. ಆ ಬೇರು ಕೆಲವು ವರ್ಷ ದುಡಿಯುತ್ತದೆ, ಕೆಲವು ತಿಂಗಳು ರಜೆ ಹಾಕುತ್ತದೆ, ಹಳೆಯ ಕೂದಲನ್ನು ಉದುರಿಸಿ ಹೊಸದನ್ನು ಬೆಳೆಸುತ್ತದೆ. ನಮ್ಮಂಥ ಮನೆತನಗಳಲ್ಲಿ ಅದು ಸ್ವಯಂನಿವೃತ್ತಿ ತೆಗೆದುಕೊಳ್ಳುತ್ತದೆ, ಅಷ್ಟೇ. ಇಂಥ ಸತ್ತ ವಸ್ತುವಿಗೆ ನಾವು ಕೊಟ್ಟ ಮರ್ಯಾದೆಯಾದರೂ ಎಷ್ಟು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಮಗು ಹುಟ್ಟಿದರೆ ಜವಳ ಎಂದು ತೆಗೆಯಬೇಕು, ಅಪ್ಪ ಸತ್ತರೆ ಕರ್ಮ ಎಂದು ತೆಗೆಯಬೇಕು, ಕಷ್ಟ ಬಂದರೆ ಹರಕೆ ಎಂದು ತೆಗೆಯಬೇಕು. ಅದು ತಾನಾಗಿಯೇ ಹೊರಟುಹೋದರೆ ಮಾತ್ರ ‘ಅಯ್ಯೋ ಪಾಪ!’ ನನಗೆ ನೌಕರಿ ಸಿಕ್ಕಿದರೆ ಮುಡಿ ಕೊಡಿಸುತ್ತೇನೆಂದು ಅಮ್ಮ ತಿಮ್ಮಪ್ಪನಿಗೆ ಹೇಳಿಕೊಂಡಿದ್ದಳು. ನೌಕರಿ ಸಿಕ್ಕಿ, ರಜೆ ಸಿಕ್ಕಿ, ಟಿಕೆಟ್ ಸಿಕ್ಕಿ ನಾವು ಬೆಟ್ಟ ಹತ್ತುವಷ್ಟರಲ್ಲಿ ನನ್ನ ತಲೆಯಲ್ಲಿ ಕೊಡುವಂಥದ್ದೇನೂ ಉಳಿದಿರಲಿಲ್ಲ. ಕ್ಷೌರಿಕ ಕಿವಿಗಳ ಮೇಲೆ ಒಂದೆರಡು ಸಲ ಕತ್ತಿ ಎಳೆದು, ಮುಗಿಯಿತು ಎಂದು ಎದ್ದ. ಅಮ್ಮ ಗರ್ಭಗುಡಿಯ ಮುಂದೆ ನಿಂತು, ಇವನದ್ದು ಇದ್ದದ್ದೇ ಇಷ್ಟು ಸ್ವಾಮೀ ಎಂದು ನನ್ನ ಪರವಾಗಿ ಕ್ಷಮೆ ಕೇಳಿದಳು. ನನಗೆ ಆಗಲೇ ಸಿಟ್ಟು ಬಂದಿತ್ತು. ನಾನು ಕ್ಷಮೆ ಕೇಳುವಂಥ ತಪ್ಪು ಏನು ಮಾಡಿದ್ದೆ?

ಏಕೆಂದರೆ ಬೋಳುತಲೆ ನಮ್ಮಲ್ಲಿ ರೋಗವಲ್ಲ, ವಂಶಪರಂಪರೆ. ಅಜ್ಜ ಉಡುಪಿಯಲ್ಲಿ ಇದ್ದಷ್ಟು ದಿನವೂ ಬೋಳು. ಅಪ್ಪ ಮುಂಬಯಿಗೆ ಬಂದು ಹೋಟೆಲಿನ ಗಲ್ಲಾದಲ್ಲಿ ಕುಳಿತು, ಡೊಂಬಿವಲಿಯಲ್ಲಿ ಎರಡು ಕೋಣೆಯ ಮನೆ ಮಾಡಿದ್ದೂ ಬೋಳುತಲೆಯಲ್ಲಿಯೇ. ನಮ್ಮ ಮನೆಯ ಗಂಡಸರು ಸಾಲಾಗಿ ಊಟಕ್ಕೆ ಕುಳಿತರೆ ಹಿಂದಿನಿಂದ ಬಂದು ಬಡಿಸುವವರಿಗೆ ಯಾರು ದೊಡ್ಡಪ್ಪ, ಯಾರು ಚಿಕ್ಕಪ್ಪ ಎಂಬುದು ತಿಳಿಯುವುದಿಲ್ಲ. ನನ್ನ ಕೂದಲು ಉದುರಲು ಸುರುವಾದಾಗ ಅಪ್ಪ ನನ್ನ ತಲೆ ಸವರಿ, “ಈಗ ನೀನು ನಮ್ಮವನಾದೆ” ಎಂದಿದ್ದರು. ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಆಮೇಲೆ ಯಾರೂ ಕೊಟ್ಟಿಲ್ಲ.

ಹೀಗಿರುವಾಗ ನಾವು ಡೊಂಬಿವಲಿ ಬಿಟ್ಟು ಠಾಣೆಯ ಘೋಡಬಂದರ್ ರಸ್ತೆಯ ಹೊಸ ಕಾಂಪ್ಲೆಕ್ಸಿಗೆ ಬಂದೆವು. ಕಿಟಕಿ ತೆಗೆದರೆ ಗುಡ್ಡ ಕಾಣುತ್ತದೆ, ಕೆಳಗೆ ಈಜುಕೊಳ ಉಂಟು, ಲಿಫ್ಟಿನಲ್ಲಿ ಹಾಡು ಬರುತ್ತದೆ. ನೀರು ಮಾತ್ರ ಇಲ್ಲ. ಮುನಿಸಿಪಾಲಿಟಿಯ ನೀರು ಕುಡಿಯಲಿಕ್ಕೆ ಸಾಕಾಗುತ್ತದೆ. ಸ್ನಾನಕ್ಕೆ ಬೋರ್‌ವೆಲ್, ಬೋರ್‌ವೆಲ್ ಕೈಕೊಟ್ಟರೆ ಟ್ಯಾಂಕರ್. ಆ ನೀರು ಎಷ್ಟು ಗಡಸೆಂದರೆ ಬಕೆಟ್ಟಿನ ಒಳಗೆ ಸುಣ್ಣ ಬಳಿದ ಹಾಗೆ ಬಿಳಿ ಕಟ್ಟುತ್ತದೆ, ಸೋಪು ಎಷ್ಟು ತಿಕ್ಕಿದರೂ ನೊರೆ ಬರುವುದಿಲ್ಲ. ನೀರನ್ನು ಮೆದು ಮಾಡುವ ಯಂತ್ರ ಹಾಕಿ ಕೊಡುತ್ತೇನೆಂದು ಬಿಲ್ಡರ್ ಮಾತು ಕೊಟ್ಟಿದ್ದ. ಮಾತಿಗೆ ತಪ್ಪಲಿಲ್ಲ, ಯಂತ್ರ ತಂದ. ನೆಲಮಾಳಿಗೆಯಲ್ಲಿ ನಿಲ್ಲಿಸಿ ಮೇಲೆ ನೀಲಿ ತಾಡಪತ್ರಿ ಹೊದಿಸಿ ಹೋದ. ಅದನ್ನು ಚಾಲೂ ಮಾಡುವವರಾರೂ ಬರಲಿಲ್ಲ. ಅಷ್ಟರಲ್ಲಿ ಕಾಂಪ್ಲೆಕ್ಸಿನ ಹೆಂಗಸರ ಕೂದಲು ಉದುರತೊಡಗಿತು. ವಾಟ್ಸಾಪಿನಲ್ಲಿ ಬೆಳಗಿನ ಶುಭಾಶಯಗಳ ಬದಲು ಬಾಚಣಿಗೆಯ ಫೋಟೋಗಳು ಬರತೊಡಗಿದವು. ಬಿಲ್ಡರ್ ಮಾತ್ರ, ನೀರಿನಿಂದಲೇ ಎಂಬುದಕ್ಕೆ ಪುರಾವೆ ಏನು ಎಂದು ಕೇಳಿ ಕೈತೊಳೆದುಕೊಂಡ. ನಮ್ಮೆಲ್ಲರ ಜುಟ್ಟು ಅವನ ಕೈಯಲ್ಲಿತ್ತು.

ಒಂದು ಭಾನುವಾರ ಬೆಳಿಗ್ಗೆ ನಮ್ಮ ಕಾಂಪ್ಲೆಕ್ಸಿನ ಸೊಸೈಟಿಯ ಸೆಕ್ರೆಟರಿ ಸಾವಂತರು ಮನೆಗೆ ಬಂದರು. ಒಳ್ಳೆಯ ಮನುಷ್ಯ, ಆದರೆ ಮಾತಾಡುವಾಗ ನನ್ನ ಕಣ್ಣನ್ನು ಬಿಟ್ಟು ಒಂದು ಗೇಣು ಮೇಲೆಯೇ ನೋಡುತ್ತಿದ್ದರು.

“ರಾವ್ ಸಾಹೇಬ್,” ಎಂದರು, “ತುಮಚಂ ಡೋಕಂ ಮ್ಹಣಜೆ ಆಪಲಾ ಪುರಾವಾ!”

ನಿಮ್ಮ ತಲೆಯೇ ನಮ್ಮ ಪುರಾವೆ. ಮುಂದಿನ ವಾರ ಬಿಲ್ಡರನ ಎಂಜಿನಿಯರ್ ಮೀಟಿಂಗಿಗೆ ಬರುತ್ತಾನೆ, ನೀವು ಮುಂದಿನ ಸಾಲಿನಲ್ಲಿ ಕುಳಿತರೆ ಸಾಕು, ಮಾತಾಡುವುದು ನನಗೆ ಬಿಡಿ ಎಂದು ವಿವರಿಸಿದರು. ಕೂದಲಿದ್ದ ಕಾಲದ ಒಂದು ಫೋಟೋ ಇದ್ದರೆ ಕೊಡಿ, ದೊಡ್ಡದು ಮಾಡಿಸಿ ಪಕ್ಕದಲ್ಲಿ ಇಡೋಣ, ಮೊದಲು ಹೀಗಿತ್ತು, ನೀರು ತಾಗಿದ ಮೇಲೆ ಹೀಗಾಯಿತು ಎಂದು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ವಾರಿಜಾ ಒಳಗಿನಿಂದ ನಮ್ಮ ಮದುವೆಯ ಫೋಟೋ ತಂದುಕೊಟ್ಟಳು. ಅದರಲ್ಲಿ ನನ್ನ ತಲೆಯ ಮೇಲೆ ಜರಿಪೇಟ ಉಂಟು. ಪೇಟದ ಕೆಳಗೆ ಆಗಲೇ ಈಗಿನಷ್ಟೇ ಬಯಲಿತ್ತು. ಫೋಟೋಗ್ರಾಫರನೇ ಪೇಟ ತೆಗೆಯಬೇಡಿ, ಫ್ಲ್ಯಾಶ್ ಹೊಡೆಯುತ್ತದೆ ಎಂದಿದ್ದ. ಸಾವಂತರು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, ಒಳಗೆ ಏನಿತ್ತೆಂದು ಯಾರಿಗೆ ಗೊತ್ತಾಗುತ್ತದೆ ಎಂದು ಖುಷಿಪಟ್ಟು ಕಿಸೆಗೆ ಹಾಕಿಕೊಂಡರು.

ಅವರು ಹೋದ ಮೇಲೆ ಮನೆಯಲ್ಲಿ ಯುದ್ಧ ನಡೆಯಿತು.

“ಇದು ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕಿದ ಹಾಗಾಯಿತಲ್ಲ! ನಾನು ಬರುವುದಿಲ್ಲ” ಎಂದೆ.

“ನೀವೊಂದು ಮಾರಾಯ್ರೆ! ಸುಮ್ನೆ ಹೋಗಿ ಕೂತ್ಕೊಂಡ್ರೆ ನಿಮ್ಮ ಗಂಟೆಂತ ಹೋಗ್ತದೆ? ಇಡೀ ಬಿಲ್ಡಿಂಗಿಗೆ ಒಳ್ಳೇದಾಗ್ತದೆ.”

“ನನ್ನ ಅಪ್ಪ ಕೊಟ್ಟದ್ದನ್ನು ಬಿಲ್ಡರ್ ಕೊಟ್ಟ ಎನ್ನಲೇ?”

“ಅಪ್ಪ ಬೇರೆ ಎಂತಾದ್ರೂ ಕೊಟ್ಟಿದ್ರೆ ಅದನ್ನ ಹೇಳಿ ತಿರುಗ್ಬಹುದಿತ್ತು” ಎಂದಳು ವಾರಿಜಾ. ಕಾಲೇಜಿಗೆ ಹೋಗುವ ಮಗಳು ಮೊಬೈಲಿನಿಂದ ಕಣ್ಣು ತೆಗೆಯದೆ, “ಪಪ್ಪಾ, ಬಾಲ್ ಕೆ ಬಿನಾ ಭೀ ಇತ್ನಾ ಈಗೋ!” ಎಂದಳು, ಕೂದಲಿಲ್ಲದೆಯೂ ಇಷ್ಟು ಜಂಬವೇ ಎಂದು. ನಾವು ಕನ್ನಡದಲ್ಲಿ ಜಗಳ ಮಾಡಿದರೆ ಅವಳು ತೀರ್ಪು ಕೊಡುವುದು ಹಿಂದಿಯಲ್ಲಿ.

ಮೀಟಿಂಗಿನ ದಿನ ಹೋದೆ. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ಕ್ಲಬ್ ಹೌಸ್ ತುಂಬಿತ್ತು. ಮುಂದಿನ ಸಾಲಿನ ನಡುವಿನ ಕುರ್ಚಿ ನನಗಾಗಿ ಕಾದಿತ್ತು. ಅದರ ಸರಿಯಾಗಿ ಮೇಲೆ ಒಂದು ದೀಪ ಉರಿಯುತ್ತಿತ್ತು. ಅದೂ ಸಾವಂತರ ಏರ್ಪಾಡೇ ಎಂದು ನನ್ನ ಗುಮಾನಿ. ಪಕ್ಕದ ಸ್ಟ್ಯಾಂಡಿನಲ್ಲಿ ನಾನು ಪೇಟ ತೊಟ್ಟು ನಗುತ್ತಿದ್ದೆ. ಎಂಜಿನಿಯರ್ ಎಳೆಯ ಹುಡುಗ. ತಲೆತುಂಬ ಕೂದಲು, ಅದಕ್ಕೆ ಜೆಲ್ ಹಚ್ಚಿ ನೆಟ್ಟಗೆ ನಿಲ್ಲಿಸಿದ್ದ. ಸಾವಂತರು ಫೋಟೋ ತೋರಿಸಿ, ನನ್ನ ತಲೆ ತೋರಿಸಿ, ಒಂದು ನಿಟ್ಟುಸಿರು ಬಿಟ್ಟರು. ಹಿಂದಿನಿಂದ ಯಾರೋ ‘ಛೆ ಛೆ’ ಎಂದರು. ಹುಡುಗ ಫೋಟೋವನ್ನೂ ನನ್ನನ್ನೂ ನೋಡಿ ಮೆತ್ತಗೆ ಕೇಳಿದ:

“ಅಂಕಲ್, ಪಝೇಶನ್ ಲಿಯಾ ತಬ್ ಬಾಲ್ ಥೇ ಕ್ಯಾ?”

ಮನೆಯ ಬೀಗದ ಕೈ ತೆಗೆದುಕೊಂಡ ದಿನ ತಲೆಯಲ್ಲಿ ಕೂದಲಿತ್ತೇ? ಹೂಂ ಎಂದರೆ ಆಯಿತು. ಇಡೀ ಸಭೆ ಆ ಒಂದು ‘ಹೂಂ’ಗಾಗಿ ಉಸಿರು ಹಿಡಿದಿತ್ತು. ವಾರಿಜಾ ಎರಡನೆಯ ಸಾಲಿನಿಂದ ನನ್ನ ಕುರ್ಚಿಗೆ ಕಾಲಿನಿಂದ ತಿವಿದಳು. ನಾನು ಎದ್ದು ನಿಂತೆ. “ಇರಲಿಲ್ಲ” ಎಂದೆ. ಒಮ್ಮೆ ಸುರುಮಾಡಿದ ಮೇಲೆ ನಿಲ್ಲಿಸಲಾಗಲಿಲ್ಲ. ಈ ತಲೆ ನನ್ನ ಅಜ್ಜನದು, ಅಪ್ಪನದು. ಇದಕ್ಕೆ ಯಾವ ಬಿಲ್ಡರನ ಹಂಗೂ ಇಲ್ಲ. ಪೇಟದ ಒಳಗೂ ಇಷ್ಟೇ ಇತ್ತು. ಗಡಸು ನೀರು ಇರುವ ಕೂದಲನ್ನು ಒರಟಾಗಿಸಿ ಮುರಿಯಬಹುದು, ಆದರೆ ನನ್ನಂಥವರ ಬೋಳು ಬೇರಿನ ವ್ಯವಹಾರ, ಹುಟ್ಟಿನಿಂದ ಬಂದದ್ದು, ನೀರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ನನಗೆ ಬಂದ ಹಿಂದಿಯಲ್ಲಿ ಗುಡುಗಿದೆ. ಚಪ್ಪಾಳೆ ಬೀಳುತ್ತದೆ ಎಂದುಕೊಂಡಿದ್ದೆ. ಸಾವಂತರು ತಲೆಯ ಮೇಲೆ ಕೈಹೊತ್ತು ಕುಳಿತುಬಿಟ್ಟರು. ಎಂಜಿನಿಯರ್ ನಗುತ್ತಾ ಎದ್ದು, ಅಂಕಲ್ ಅವರೇ ಹೇಳಿದರಲ್ಲ, ಎಲ್ಲ ಹೆರಿಡಿಟಿ, ನೀರಿನದ್ದೇನೂ ದೋಷವಿಲ್ಲ ಎಂದು ಬ್ಯಾಗಿನ ಜಿಪ್ ಎಳೆದ. ಇಡೀ ಸಭೆ ನನ್ನನ್ನು ನೋಡಿತು. ಈ ಸಲ ಯಾರೂ ತಲೆಯನ್ನು ನೋಡಲಿಲ್ಲ, ಮುಖವನ್ನೇ ನೋಡಿದರು. ಅದೇ ಹೆಚ್ಚು ಕಷ್ಟವಾಯಿತು.

“ಏಕ್ ಮಿನಿಟ್” ಎಂದಳು ವಾರಿಜಾ. ಕೈಚೀಲಕ್ಕೆ ಕೈಹಾಕಿ ಒಂದು ಪ್ಲಾಸ್ಟಿಕ್ ತೊಟ್ಟೆ ಹೊರತೆಗೆದು, ಎಂಜಿನಿಯರನ ಎದುರು ಮೇಜಿನ ಮೇಲೆ ಬಗ್ಗಿಸಿ ಸುರಿದಳು. ಕೂದಲು. ಉಂಡೆ ಉಂಡೆಯಾಗಿ ಸುತ್ತಿಟ್ಟ, ಕಪ್ಪು ಬಿಳಿ ಬೆರೆತ, ತುಂಡು ತುಂಡಾದ ಕೂದಲು. ನಮ್ಮ ಕಡೆ ಬಾಚಿದ ಕೂದಲನ್ನು ಥೂ ಥೂ ಎಂದು ಉಗಿದು ಹೊರಗೆ ಎಸೆಯುತ್ತಾರೆ, ಮನೆಯೊಳಗೆ ಹಾರಾಡಿದರೆ ಜಗಳವಾಗುತ್ತದೆಂದು. ಅಜ್ಜಿಯಂದಿರು ಮಾತ್ರ ಚೌರಿ ಮಾಡಿಸಿ ಜಡೆಗೆ ಸೇರಿಸಿಕೊಳ್ಳಲು ಕೂಡಿಡುತ್ತಿದ್ದರು. ಇವಳು ಯಾವಾಗಿನಿಂದ ಕೂಡಿಡುತ್ತಿದ್ದಳೋ ನನಗೆ ಗೊತ್ತೇ ಇರಲಿಲ್ಲ. ಬಚ್ಚಲಿನ ಜಾಲರಿ ಕಟ್ಟಿಕೊಂಡಾಗಲೆಲ್ಲ ಅಜಾಗ್ರತೆ ಎಂದು ನಾನು ಗೊಣಗಿದ್ದುಂಟು, ಅಷ್ಟೇ.

“ಮೇರಾ ಬಾಪ್ ಬೂಢಾ ಹೋ ಗಯಾ, ಅಭೀ ಭೀ ಸರ್ ಭರ್ ಕೆ ಬಾಲ್ ಹೈ. ಮಾಂ ಕೋ ಭೀ ಹೈ” ಎಂದಳು. “ತೋ ಬೋಲೋ, ಯೇ ಕಿಸ್‌ಕಾ ಹೆರಿಡಿಟಿ ಹೈ?”

ನನ್ನ ಅಪ್ಪ ಅಮ್ಮ ಇಬ್ಬರಿಗೂ ತಲೆತುಂಬ ಕೂದಲಿದೆ, ಹಾಗಾದರೆ ಇದು ಯಾರಿಂದ ಬಂದದ್ದು? ಎಂಜಿನಿಯರ್ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಹಿಂದಿನ ಸಾಲಿನಿಂದ ಗುಜರಾತಿ ಹೆಂಗಸೊಬ್ಬಳು ಎದ್ದು, ನನ್ನ ಹತ್ತಿರವೂ ಒಂದು ಚೀಲ ಇದೆ, ತರಲೇ ಎಂದಳು. ಮರಾಠಿ ಅಜ್ಜಿಯೊಬ್ಬರು ಕೇಳುವ ಗೋಜಿಗೆ ಹೋಗದೆ ಲಿಫ್ಟಿನ ಕಡೆ ನಡೆದೇಬಿಟ್ಟರು. ಮೇಜಿನ ಮೇಲೆ ಕೂದಲು ಬೆಳೆಯುತ್ತಾ ಹೋದ ಹಾಗೆ ಹುಡುಗನ ಕೈ ತಾನಾಗಿ ತನ್ನ ಕ್ರಾಪಿನ ಮೇಲೆ ಹೋಯಿತು. ಸಭೆ ಮುಗಿಯುವ ಮೊದಲೇ ಅವನು ಬಿಲ್ಡರನಿಗೆ ಫೋನು ಮಾಡಿ ಯಂತ್ರದ ಮೇಲಿನ ತಾಡಪತ್ರಿ ತೆಗೆಸುವ ಮಾತಾಡಿದ.

ಲಿಫ್ಟಿನಲ್ಲಿ ನಾವಿಬ್ಬರೇ ಇದ್ದೆವು. ನಾನು ಮೊದಲ ಸಲ ಅವಳ ಜಡೆಯನ್ನು ಸರಿಯಾಗಿ ನೋಡಿದೆ. ಮದುವೆಯ ದಿನ ಎರಡು ಮೊಳ ಮಲ್ಲಿಗೆಯನ್ನು ಹೊತ್ತಿದ್ದ ಜಡೆ ಈಗ ನನ್ನ ಕಿರುಬೆರಳಿನಷ್ಟಾಗಿತ್ತು. ಕೂದಲು ಸತ್ತ ವಸ್ತು ಎಂದು ಊರಿಗೆಲ್ಲ ಪಾಠ ಹೇಳಿದವನು ನಾನು. “ನನಗೆ ಹೇಳಬಾರದಿತ್ತಾ?” ಎಂದು ಕೇಳಿದೆ.

“ನಿಮಗೆ ಹೇಳಿದ್ರೆ ಬೇರಿನ ವಿಷಯ ಹೇಳ್ತೀರಿ” ಎಂದಳು. ಜಡೆಯನ್ನು ಹಿಂದಕ್ಕೆ ಹಾಕಿಕೊಂಡು, “ಆದ್ರೂ ನೀವು ಸುಳ್ಳು ಹೇಳದಿದ್ದದ್ದು ಒಳ್ಳೇದೇ ಆಯ್ತು. ನೀವು ಹೆರಿಡಿಟಿ ಹೇಳಿದ್ಮೇಲೆಯೇ ಅಲ್ವಾ ನನಗೆ ಬಾಯಿ ಬಂದದ್ದು?” ಎಂದಳು. ಅವಳು ನನ್ನನ್ನು ಹೊಗಳುವುದು ಅಪರೂಪ. ನಾನು ಬೇಗ ಒಪ್ಪಿಕೊಂಡೆ.

ಯಂತ್ರ ಈಗ ಓಡುತ್ತಿದೆ. ಸೋಪಿಗೆ ನೊರೆ ಬರುತ್ತದೆ. ವಾರಿಜಾಳ ಹಣೆಯ ಮೇಲೆ ಮರಿಕೂದಲು ಏಳುತ್ತಿದೆ. ಅದು ನೀರಿನಿಂದಲೋ ಬಿಲ್ಡರನನ್ನು ಸೋಲಿಸಿದ ಖುಷಿಯಿಂದಲೋ ಎಂದು ನಾನು ಶಾಸ್ತ್ರ ತೆಗೆಯಲು ಹೋಗಿಲ್ಲ. ಆದರೆ ನನ್ನ ಗ್ರಹಚಾರ ಬಿಟ್ಟಿಲ್ಲ. ಲಿಫ್ಟಿನಲ್ಲಿ ಸಿಕ್ಕವರೆಲ್ಲ ನನ್ನ ತಲೆಯನ್ನು ಆಸೆಯಿಂದ ನೋಡಿ, ನಿಮಗೆ ಇನ್ನೂ ಬರಲಿಲ್ಲವೇ ಎಂದು ಕೇಳುತ್ತಾರೆ. ಸಾವಂತರಂತೂ, ಯಂತ್ರ ಸರಿಯಾಗಿ ಕೆಲಸ ಮಾಡುತ್ತಿಲ್ಲವೋ ಏನೋ ಎಂದು ಚಿಂತೆಯಲ್ಲಿದ್ದಾರೆ. ಸಭೆಯಲ್ಲಿ ಅಷ್ಟು ಗಂಟಲು ಹರಿದುಕೊಂಡದ್ದು ಯಾರ ಕಿವಿಗೂ ಬಿದ್ದಿಲ್ಲ. ನನಗೆ ಬೇಕಾಗಿಲ್ಲ, ಬಂದರೂ ಬೋಳಿಸುತ್ತೇನೆ ಎಂದು ಎಲ್ಲರಿಗೂ ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ಈ ಮಾತಿನಿಂದ ಹಿಂದೆ ಸರಿಯುವವನಲ್ಲ ನಾನು.

ಈ ನಡುವೆ ನಮ್ಮ ಮನೆಯಲ್ಲಿ ಒಂದು ಸಣ್ಣ ಮನಸ್ತಾಪ ಹುಟ್ಟಿದೆ. ಬಚ್ಚಲಲ್ಲಿ ಇಟ್ಟ ಶಾಂಪೂ ಬಾಟಲಿ ಮೊದಲಿಗಿಂತ ಬೇಗ ಖಾಲಿಯಾಗುತ್ತಿದೆಯಂತೆ. ಅಮ್ಮ ಮಗಳ ಮೇಲೆ ಹೇಳುತ್ತಾಳೆ, ಮಗಳು ಅಮ್ಮನ ಮೇಲೆ ಹೇಳುತ್ತಾಳೆ. ಪೇಪರ್ ಓದುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೇನೆ. ನನ್ನ ಮೇಲೆ ಸಂಶಯ ಪಡಬಹುದೆಂದು ಇಬ್ಬರಿಗೂ ಇನ್ನೂ ಹೊಳೆದಿಲ್ಲ.